ಮೇರೆ ತಪ್ಪಿದ ಅಂಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1800ರಲ್ಲಿ ನಿಜಾಮನ ಕೈಯಿಂದ ಕಂಪನಿಯ ಕೈಗೆ ದಾಟಿ, ಮದ್ರಾಸಿನ ಆಳ್ವಿಕೆಗೆ ಒಳಪಟ್ಟ ಮೇಲೆ, ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರಲ್ಲಿ ಹಿಂದಿರುಗುವುದರೊಳಗೆ ಮಾಡಿದ ಮುಖ್ಯ ಕಾರ್ಯವೆಂದರೆ, ಹೊಲಹೊಲವನ್ನೂ ಸರಪಳಿ ಹಿಡಿಸಿ ಅಳೆಯಿಸಿ, ಒಂದೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯ ಎದುರಿಗೆ ರೈತನ ಹೆಸರನ್ನೂ ಕಂದಾಯವನ್ನೂ ಬರೆಯಿಸಿದುದು. ಹೊಲಕ್ಕೊಂದು ಸಂಖ್ಯೆಯೆಂಬ ಈ ಪದ್ಧತಿ, 1953ರ ಅಕ್ಟೋಬರಿನಲ್ಲಿ ಈ ಸೀಮೆ ಮೈಸೂರಿಗೆ ಸೇರಿದಾಗಲೂ, 1997ರಲ್ಲಿ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿದಾಗಲೂ, 2021ರಲ್ಲಿ ಐದೂ ಊರುಗಳು ಹೊಸದಾದ ವಿಜಯನಗರ ಜಿಲ್ಲೆಯವಾದಾಗಲೂ ಅಳಿಯಲಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಬಾಂದುಕಲ್ಲಿನ ಆಸರೆಯಲ್ಲಿ ಇನ್ನೂರು ವರ್ಷ ಬಾಳಿದ್ದ ಸಂಖ್ಯೆಯು ಮೊದಲ ಬಾರಿಗೆ ಸಿಲಿಕಾನಿನೊಳಗೆ ವಾಸ ಮಾಡಬೇಕಾಯಿತು. ಅಲ್ಲಿಯೂ ಮೇರೆಗಳುಂಟು. ಅವುಗಳನ್ನು ಗಣಕ ಕಟ್ಟಿದವರು ಹಾಕಿದರು; ಪಾಲಿಸುವ ಹೊರೆ ಮಾತ್ರ ಕಾಲಕಾಲಕ್ಕೆ ಬೇರೆ ಬೇರೆಯವರ ಹೆಗಲಿಗೆ ಬಿತ್ತು.

ಉಳುವ ರೈತನಿಗೆ ಸರ್ವೆ ನಂಬರಿನ ಗೊಡವೆಯಿಲ್ಲ. ಒಂದೇ ಹೊಲವೆಂದು ಅವನು ತಿಳಿದು ಬಿತ್ತುವ ನೆಲದ ಮುಕ್ಕಾಲು ಪಾಲು ಒಂದು ನಂಬರಿನಲ್ಲಿಯೂ ಕಾಲು ಪಾಲು ಪಕ್ಕದ ನಂಬರಿನಲ್ಲಿಯೂ ಇದ್ದೀತು. ನೇಗಿಲು ಆ ಎಲ್ಲೆಯನ್ನು ಕಾಣದೆಯೇ ದಾಟುತ್ತದೆ. ಆದರೆ ಅದೇ ರೈತ ತಾಲ್ಲೂಕು ಕಚೇರಿಗೆ ಹೋದಾಗ ಎರಡು ಪಹಣಿಗಳನ್ನು ತೆಗೆಸಿ, ಒಂದರಿಂದ ಇಷ್ಟು, ಇನ್ನೊಂದರಿಂದ ಇಷ್ಟು ಎಂದು ಕೂಡಿಸಿ ಓದಿಸಿಕೊಳ್ಳದೆ ತನ್ನ ಹೊಲದ ವಿಸ್ತೀರ್ಣವು ತಿಳಿಯದು. ಗಣಕದ ಮೆಮೊರಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಎಂಟು ಬಿಟ್ಟುಗಳ ಬೈಟು ಒಂದೊಂದಕ್ಕೂ ಸೊನ್ನೆಯಿಂದ ತೊಡಗಿ ಒಂದು ವಿಳಾಸವಿದ್ದರೂ, ಪ್ರೊಸೆಸರ್ ಬೈಟುಗಳನ್ನು ಬಿಡಿಬಿಡಿಯಾಗಿ ತರುವುದಿಲ್ಲ. 32 ಬಿಟ್ಟಿನ ಯಂತ್ರವಾದರೆ ನಾಲ್ಕನ್ನು ಒಟ್ಟಿಗೆ ತರುತ್ತದೆ, ಮತ್ತು ಆ ನಾಲ್ಕರ ಗುಂಪು 0, 4, 8, 12 ಎಂಬಂತೆ ನಾಲ್ಕರಿಂದ ಶೇಷವಿಲ್ಲದೆ ಭಾಗವಾಗುವ ವಿಳಾಸದಿಂದಲೇ ಆರಂಭವಾಗಬೇಕೆಂಬುದು ಅದರ ತಂತಿಗಳ ಜೋಡಣೆಯಲ್ಲೇ ಅಡಗಿರುವ ಕಟ್ಟಳೆ. ಆದುದರಿಂದ 5ರಿಂದ 8ರವರೆಗೆ ಚಾಚಿಕೊಂಡಿರುವ ಅಂಕೆಯೊಂದು ಬೇಕಾದರೆ, 4ರಿಂದ ಒಂದು ಗುಂಪನ್ನೂ 8ರಿಂದ ಇನ್ನೊಂದು ಗುಂಪನ್ನೂ ತಂದು, ಬೇಡವಾದ ಬೈಟುಗಳನ್ನು ಕಳೆದು, ಉಳಿದವನ್ನು ಸರಿಸಿ ಹೊಂದಿಸಬೇಕಾಗುತ್ತದೆ. ಇದನ್ನು ಯಂತ್ರವೇ ಮಾಡಬೇಕೆ, ಆಪರೇಟಿಂಗ್ ಸಿಸ್ಟಮ್ ಮಾಡಬೇಕೆ, ಅಥವಾ ಪ್ರೋಗ್ರಾಮನ್ನು ಬರೆಯುವವನು ಮಾಡಬೇಕೆ ಎಂಬ ಪ್ರಶ್ನೆಗೆ ಕಳೆದ ಅರುವತ್ತು ವರ್ಷಗಳಲ್ಲಿ ಒಂದೇ ಉತ್ತರ ದೊರೆತಿಲ್ಲ.

ಆದಿಯ ಗಣಕಗಳಿಗೆ ಈ ಕ್ಲೇಶವೇ ಇರಲಿಲ್ಲ. ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಕಟ್ಟಿ 1960ರಲ್ಲಿ ಬಳಕೆಗೆ ತಂದ ಟಿಫ್ರ್ಯಾಕ್ ಯಂತ್ರದಲ್ಲಿ 40 ಬಿಟ್ಟಿನ ಪದಕ್ಕೊಂದು ವಿಳಾಸವಿತ್ತು. ಪದದ ಒಳಗಿನ ತುಂಡುಗಳಿಗೆ ವಿಳಾಸವಿಲ್ಲದಿದ್ದುದರಿಂದ ಮೇರೆಯನ್ನು ತಪ್ಪಿ ಬೇಡುವುದಕ್ಕೆ ಅವಕಾಶವೇ ಇರಲಿಲ್ಲ. 1964ರ ಏಪ್ರಿಲಿನಲ್ಲಿ ಐಬಿಎಂ ಕಂಪನಿಯು ಸಿಸ್ಟಮ್ 360 ಎಂಬ ಯಂತ್ರಕುಟುಂಬವನ್ನು ಪ್ರಕಟಿಸಿ, ಎಂಟು ಬಿಟ್ಟಿನ ಬೈಟಿಗೊಂದು ವಿಳಾಸವೆಂಬ, ಈಗ ಸರ್ವತ್ರ ಪ್ರಚಲಿತವಾಗಿರುವ ಕ್ರಮವನ್ನು ತಂದಾಗಲೇ ಸಮಸ್ಯೆಯೂ ಅದರ ಜೊತೆಗೆ ಹುಟ್ಟಿತು. ನಾಲ್ಕು ಬೈಟಿನ ಅಂಕೆಯು ನಾಲ್ಕರ ಗುಣಕದಲ್ಲಿಲ್ಲವಾದರೆ ಆ ಯಂತ್ರ ಕೆಲಸವನ್ನು ನಿಲ್ಲಿಸಿ ದೋಷವನ್ನು ಘೋಷಿಸುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರವು ಸ್ಥಾಪಿತವಾದಾಗ ಅಲ್ಲಿಗೆ ಬಂದುದು ಈ ಕುಟುಂಬದ ಮಾದರಿ 44. ಕನ್ನಡನಾಡಿನಲ್ಲಿ ಬೈಟಿನ ಮೇರೆಗೆ ತಲೆಬಾಗಿದ ಮೊದಲ ವಿದ್ವಾಂಸರು ರಂಧ್ರಪತ್ರಗಳ ಕಟ್ಟನ್ನು ಹಿಡಿದು ಅದರ ಮುಂದೆ ಸರದಿ ಕಾದವರೇ ಇರಬೇಕೆಂದು ನನ್ನ ಊಹೆ. ಅದೇ 1970ರಲ್ಲಿ ಐಬಿಎಂ ತನ್ನ ಕಟ್ಟಳೆಯನ್ನು ತಾನೇ ಸಡಿಲಿಸಿತು: ಸಿಸ್ಟಮ್ 370ರಲ್ಲಿ ಮೇರೆ ತಪ್ಪಿದ ಅಂಕೆಯನ್ನೂ ಯಂತ್ರವೇ ಎರಡು ಸಲ ಹೋಗಿ ತಂದುಕೊಡುತ್ತಿತ್ತು.

ಆ ಮುಂದಿನ ಇಪ್ಪತ್ತು ವರ್ಷಗಳನ್ನು ನೋಡಿದರೆ, ಗಣಕ ಕಟ್ಟುವವರು ಬಿಗಿಯಿಂದ ಸಡಿಲಕ್ಕೂ ಸಡಿಲದಿಂದ ಬಿಗಿಗೂ ಹೊಯ್ದಾಡಿದುದು ಕಾಣುತ್ತದೆ. ಡಿಇಸಿ ಕಂಪನಿಯ ಪಿಡಿಪಿ-11 ಬೆಸ ವಿಳಾಸದಿಂದ ಪದವನ್ನು ಓದಲು ಒಪ್ಪದು. ಅದರ ಉತ್ತರಾಧಿಕಾರಿಯಾಗಿ 1977ರಲ್ಲಿ ಬಂದ ವ್ಯಾಕ್ಸ್ ಒಪ್ಪುವುದು. ಮೊಟೊರೊಲಾ ಕಂಪನಿಯ 68000 ಒಪ್ಪದು. ಐದು ವರ್ಷಗಳ ತರುವಾಯ 1984ರಲ್ಲಿ ಅದರ ತಮ್ಮನಾದ 68020 ಒಪ್ಪುವುದು. ಇಂಟೆಲ್‌ನ 8086 ಮಾತ್ರ 1978ರಲ್ಲಿ ಹುಟ್ಟಿದಂದಿನಿಂದಲೂ ಯಾವ ವಿಳಾಸವನ್ನು ಕೊಟ್ಟರೂ ಮರುಮಾತಿಲ್ಲದೆ ಓದಿಕೊಡುವ ವಿನೀತ ಸೇವಕನಾಗಿತ್ತು. ಬೆಸ ವಿಳಾಸದ ಪದಕ್ಕೆ ನಾಲ್ಕು ಗಡಿಯಾರ ಮಿಡಿತಗಳಷ್ಟು ಕಾಲ ಹೆಚ್ಚಾಗಿ ಹಿಡಿಯುತ್ತಿತ್ತೆಂಬುದನ್ನು ಅದು ಯಾರಿಗೂ ಹೇಳುತ್ತಿರಲಿಲ್ಲ. ಇಂದಿನ ಮೇಜು ಗಣಕಗಳಲ್ಲಿ ಹೆಚ್ಚಿನವು ಈ 8086ರಿಂದಲೇ ಇಳಿದುಬಂದುವಾದ್ದರಿಂದ, ಮೇರೆಯೆಂಬುದೊಂದು ಉಂಟೆಂಬ ಅರಿವೇ ಇಲ್ಲದೆ ಇಡೀ ವೃತ್ತಿಜೀವನವನ್ನು ಮುಗಿಸಿದ ಪ್ರೋಗ್ರಾಮರುಗಳು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಇದನ್ನು ನಾನು ದೂಷಣೆಯಾಗಿ ಹೇಳುತ್ತಿಲ್ಲ. ಸೇವಕನು ಅತಿ ವಿಧೇಯನಾದರೆ ಯಜಮಾನನಿಗೆ ಮನೆಯ ಸ್ಥಿತಿ ತಿಳಿಯದಿರುವುದು ಸಹಜ.

ಒಂದೇ ಲೆಕ್ಕ ಎರಡು ಬಗೆಯ ಪ್ರೊಸೆಸರುಗಳ ಮುಂದೆ ಬಂದು ನಿಲ್ಲಬೇಕಾದ ಪ್ರಸಂಗವು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಒದಗಿತು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ಅವರ ಮುಂದಾಳತ್ವದಲ್ಲಿ, ದ್ರವಚಲನೆಯ ಸಮೀಕರಣಗಳನ್ನು ಬಿಡಿಸುವುದಕ್ಕಾಗಿ 1986ರಲ್ಲಿ ಸಿದ್ಧವಾದ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ, ಭಾರತದಲ್ಲಿ ಅಂಥವುಗಳ ಪೈಕಿ ಮೊದಲನೆಯದು. ಅದರ ಮೊದಲ ಆವೃತ್ತಿಯಲ್ಲಿ ಇದ್ದುವು ಇಂಟೆಲ್‌ನ 8086 ಮತ್ತು ಅದರ ಜೊತೆಗಾರ 8087. ಮೂರನೆಯ ಆವೃತ್ತಿಗೆ ಬರುವ ಹೊತ್ತಿಗೆ ಅದೇ ಇಂಟೆಲ್‌ನ ಐ860 ಎಂಬ, ಸ್ವಭಾವದಲ್ಲಿ ತೀರ ಭಿನ್ನವಾದ ಪ್ರೊಸೆಸರನ್ನು ಅವರು ಆರಿಸಿಕೊಂಡರು. ಇಂಥ ಲೆಕ್ಕಗಳ ಭಾಷೆ ಫೋರ್ಟ್ರಾನ್; ಆ ಭಾಷೆಯಲ್ಲಿ ಕಾಮನ್ ಎಂಬ ಹಂಚಿಕೆಯ ಜಾಗದಲ್ಲಿ ಇಟ್ಟ ವಸ್ತುಗಳು, ಬರೆದ ಕ್ರಮದಲ್ಲೇ, ನಡುವೆ ತೆರಪಿಲ್ಲದೆ ಕೂತಿರಬೇಕೆಂಬುದು ನಿಯಮ. ನಾಲ್ಕು ಬೈಟಿನ ಪೂರ್ಣಾಂಕವೊಂದನ್ನು ಮೊದಲಿಟ್ಟು ಅದರ ಹಿಂದೆಯೇ ಎಂಟು ಬೈಟಿನ ದಶಮಾಂಶವನ್ನು ಇಟ್ಟವನ ಪ್ರೋಗ್ರಾಮು 16 ಬಿಟ್ಟಿನ ತಂತಿಸಾಲುಳ್ಳ 8086ರಲ್ಲಿ ಕಿಂಚಿತ್ತೂ ನಷ್ಟವಿಲ್ಲದೆ ಓಡುತ್ತದೆ, ಏಕೆಂದರೆ ಆ ದಶಮಾಂಶವು ಸಮ ವಿಳಾಸದಲ್ಲಿಯೇ ಇದೆ. ಎಂಟು ಬೈಟಿನ ಓದಿಗೆ ಎಂಟರ ಗುಣಕವನ್ನೇ ಬಯಸುವ ಐ860 ಅದನ್ನು ನೋಡಿದೊಡನೆ ತಡೆದು ನಿಲ್ಲಿಸುತ್ತದೆ. ದೊಡ್ಡ ವಸ್ತುವನ್ನು ಮೊದಲಿಡು, ಚಿಕ್ಕದನ್ನು ಕೊನೆಗಿಡು ಎಂದು ಹಳೆಯ ಫೋರ್ಟ್ರಾನ್ ಬಲ್ಲವರು ಕಿರಿಯರಿಗೆ ಹೇಳುವ ಬುದ್ಧಿವಾದಕ್ಕೆ ಇದೇ ಕಾರಣ. ಕಾರಣವನ್ನು ಮರೆತ ಮೇಲೆ ಅದು ಬರಿಯ ಸಂಪ್ರದಾಯವಾಗಿ ಉಳಿದಿದೆ.

ಐ860ರ ಕಾಲವು ರಿಸ್ಕ್ ಎಂಬ ಸಿದ್ಧಾಂತದ ಕಾಲ. ಯಂತ್ರವು ಕೆಲವೇ ಸರಳ ಆಜ್ಞೆಗಳನ್ನು ಅತಿ ವೇಗದಿಂದ ಮಾಡಲಿ, ಮಿಕ್ಕ ಜಟಿಲತೆಯನ್ನೆಲ್ಲ ಕಂಪೈಲರ್ ಹೊರಲಿ ಎಂಬುದು ಅದರ ಸಾರ. ಸನ್ ಕಂಪನಿಯ ಸ್ಪಾರ್ಕ್ ಮೇರೆ ತಪ್ಪಿದವನಿಗೆ ಬಸ್ ಎರರ್ ಎಂದು ಹೇಳಿ ಪ್ರೋಗ್ರಾಮನ್ನೇ ಕೊಂದುಹಾಕುತ್ತಿತ್ತು; ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1998ರಲ್ಲಿ ಕಟ್ಟಿದ ಪರಮ್ 10000ರ ಒಳಗಿದ್ದುದು ಈ ವಂಶದ ಪ್ರೊಸೆಸರೇ. ಮಿಪ್ಸ್ ಕಂಪನಿಯವರದು ಜಾಣ ಮಾರ್ಗ: ಎಡಭಾಗವನ್ನು ಒಂದು ಆಜ್ಞೆ, ಬಲಭಾಗವನ್ನು ಇನ್ನೊಂದು ಆಜ್ಞೆ ತಂದು ಒಂದೇ ರಿಜಿಸ್ಟರಿನಲ್ಲಿ ಹೊಲಿಯುವಂತೆ ಜೋಡಿ ಆಜ್ಞೆಗಳನ್ನು ಮಾಡಿ, ಅದಕ್ಕೆ 1989ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು. 2006ರ ಕೊನೆಯಲ್ಲಿ ಅದರ ಅವಧಿ ತೀರುವುದಕ್ಕೆ ಮುಂಚೆ, ಆ ಜೋಡಿಯ ಸಲುವಾಗಿ ನ್ಯಾಯಾಲಯದ ವ್ಯಾಜ್ಯವೂ ನಡೆಯಿತು. ಹೊಲದ ಮೇರೆಗೆ ಮಾತ್ರವೇ ವ್ಯಾಜ್ಯ ಹೂಡುವರೆಂದು ತಿಳಿದಿದ್ದವರಿಗೆ ಇದು ವಿಸ್ಮಯವೇ ಸರಿ. ಇವರೆಲ್ಲರಿಗಿಂತ ಕಠೋರವಾದುದು 1992ರ ಆಲ್ಫಾ. ಅದರಲ್ಲಿ ಒಂದು ಬೈಟನ್ನು ಮಾತ್ರ ಓದುವ ಆಜ್ಞೆಯೇ ಇರಲಿಲ್ಲ. ಒಂದು ಅಕ್ಷರ ಬೇಕಾದವನು ಎಂಟು ಬೈಟುಗಳ ಗುಂಪನ್ನು ತಂದು ಅದರಿಂದ ಒಂದನ್ನು ಕೆತ್ತಿ ತೆಗೆದುಕೊಳ್ಳಬೇಕಾಗಿತ್ತು. ನಾಲ್ಕೇ ವರ್ಷಗಳಲ್ಲಿ, 1996ರ 21164ಎ ಪ್ರೊಸೆಸರಿನಲ್ಲಿ, ಬೈಟಿನ ಆಜ್ಞೆಗಳನ್ನು ಸೇರಿಸಬೇಕಾಯಿತು. ಬರಹವೆಂಬುದು ಬೈಟುಬೈಟಾಗಿಯೇ ಬರುವ ಲೋಕದಲ್ಲಿ ಅಂಥ ವ್ರತವು ನಿಲ್ಲಲಾರದು.

ಈ ಎಲ್ಲ ಯಂತ್ರಗಳೂ ಒಪ್ಪಿದುವು ಇಲ್ಲವೆ ನಿರಾಕರಿಸಿದುವು. ಎರಡನ್ನೂ ಮಾಡದ ಒಂದು ಯಂತ್ರವುಂಟು, ಮತ್ತು ಅದು ನಮ್ಮ ಸಮೀಪಕ್ಕೇ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎಂಬ ಅಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಕೂಡಿ, ಅಕ್ಷರ ಬಾರದವನೂ ಬಳಸಬಹುದಾದ ಅಂಗೈಗಣಕವೊಂದನ್ನು ರೂಪಿಸಿ, 2001ರಲ್ಲಿ ಸಿಂಪ್ಯೂಟರ್ ಎಂಬ ಹೆಸರಿನಿಂದ ಲೋಕಕ್ಕೆ ತೋರಿಸಿದರು; 2004ರಲ್ಲಿ ಅದರ ಒಂದು ರೂಪವನ್ನು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಯಾರಿಸಿತು; ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸಕ್ಕೂ ಅದನ್ನು ಹಚ್ಚಿತು. ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವೂ ಆ ಬಳಗದ್ದೇ. ಈ ಅಂಗೈಗಣಕದ ಒಳಗಿದ್ದುದು ಸ್ಟ್ರಾಂಗ್‌ಆರ್ಮ್ ಎಸ್‌ಎ-1110, ಅಂದರೆ ಆರ್ಮ್ ಎಂಬ ಪ್ರೊಸೆಸರ್ ವಿನ್ಯಾಸದ ನಾಲ್ಕನೆಯ ಆವೃತ್ತಿ. ಮೇರೆ ತಪ್ಪಿದ ನಾಲ್ಕು ಬೈಟುಗಳನ್ನು ಬೇಡಿದರೆ ಆ ವಿನ್ಯಾಸವು, ತಡೆಯುವ ಏರ್ಪಾಟನ್ನು ಯಾರೂ ಮಾಡಿರದ ಪಕ್ಷದಲ್ಲಿ, ಅಲ್ಲಿಗಿಂತ ಹಿಂದಿನ ಮೇರೆಯಿಂದಲೇ ನಾಲ್ಕನ್ನು ತಂದು, ಬೇಡಿದ ಬೈಟು ಮೊದಲಿಗೆ ಬರುವಂತೆ ಚಕ್ರಾಕಾರವಾಗಿ ತಿರುಗಿಸಿ ಕೈಗೆ ಕೊಡುತ್ತಿತ್ತು. ದೊರೆತುದು ಬೇಡಿದ ಅಂಕೆಯಲ್ಲವೆಂಬ ಸೂಚನೆಯೇ ಇರುತ್ತಿರಲಿಲ್ಲ.

ಇದರ ಪರಿಣಾಮವನ್ನು ಕಾಣುವುದಕ್ಕೆ ನಮ್ಮ ಐದು ಊರುಗಳ ಹೆಸರುಗಳೇ ಸಾಕು. ಯುನಿಕೋಡಿನ ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ, ಅದು ಅಕ್ಷರವಾಗಲಿ ಗುಣಿತದ ಚಿಹ್ನೆಯಾಗಲಿ ವಿರಾಮವಾಗಲಿ, ಮೂರು ಬೈಟುಗಳು ಬೇಕು. ಅದರಂತೆ ಕೂಡ್ಲಿಗಿಗೆ ಎಂಟು ಸಂಕೇತ, 24 ಬೈಟು, ಕೊಟ್ಟೂರಿಗೂ 24, ಹಗರಿಬೊಮ್ಮನಹಳ್ಳಿಗೆ 45, ಹಡಗಲಿಗೆ 15, ಹರಪನಹಳ್ಳಿಗೆ 27. ಈಗ ಒಬ್ಬನು ಜಾಗವನ್ನು ಉಳಿಸುವ ಆಸೆಯಿಂದ, ಸೊನ್ನೆಯ ವಿಳಾಸದಿಂದ ಮೊದಲ್ಗೊಂಡು, ಒಂದೊಂದು ಊರಿನ ಹೆಸರಿನ ಹಿಂದೆಯೇ ನಾಲ್ಕು ಬೈಟಿನ ಒಂದು ಸರ್ವೆ ನಂಬರನ್ನು, ನಡುವೆ ತೆರಪಿಲ್ಲದಂತೆ, ಇಡುತ್ತ ಹೋದನೆನ್ನಿ. ಕೂಡ್ಲಿಗಿಯ ನಂಬರು 24ನೆಯ ವಿಳಾಸಕ್ಕೆ ಬೀಳುತ್ತದೆ, ಕೊಟ್ಟೂರಿನದು 52ಕ್ಕೆ. ಎರಡೂ ನಾಲ್ಕರ ಗುಣಕಗಳು, ಎರಡೂ ಸರಿಯಾಗಿ ಓದಿಬರುತ್ತವೆ, ಬರೆದವನು ತನ್ನ ಪ್ರೋಗ್ರಾಮು ನಿರ್ದುಷ್ಟವೆಂದು ನಂಬುತ್ತಾನೆ. ಹಗರಿಬೊಮ್ಮನಹಳ್ಳಿಯ ನಂಬರು 101ಕ್ಕೆ ಬೀಳುತ್ತದೆ. ಅಲ್ಲಿ ಇಟ್ಟುದು 212 ಎಂಬ ಸಣ್ಣ ಸಂಖ್ಯೆಯಾಗಿದ್ದರೆ, ಆ ಹಳೆಯ ಆರ್ಮ್ ಯಂತ್ರವು 100ನೆಯ ವಿಳಾಸದಲ್ಲಿರುವ, ‘ಳ್ಳಿ’ಯ ಗುಡಿಸಿನ ಕೊನೆಯ ಬೈಟನ್ನು ಸಂಖ್ಯೆಯ ಅತಿ ಹಿರಿಯ ಸ್ಥಾನಕ್ಕೆ ಏರಿಸಿ, 320,44,48,468 ಎಂದು ಓದಿಕೊಡುತ್ತದೆ. ಹಡಗಲಿಯ ನಂಬರು 120ಕ್ಕೆ ಬಿದ್ದು ಮತ್ತೆ ಸರಿಯಾಗುತ್ತದೆ. ಹರಪನಹಳ್ಳಿಯದು 151ಕ್ಕೆ ಬಿದ್ದು, ಅದೇ 212 ಈ ಸಲ 321,61,71,220 ಆಗುತ್ತದೆ.

ಮೂರು ಊರುಗಳಲ್ಲಿ ಸತ್ಯ, ಎರಡರಲ್ಲಿ ಸುಳ್ಳು. ಸುಳ್ಳಿಗೆ ಕಾರಣ ಆ ಊರಿನ ಹೆಸರಿನ ಉದ್ದವಲ್ಲದೆ ಬೇರೇನೂ ಅಲ್ಲ. ಸರ್ಕಾರಿ ಕಾಗದಗಳಲ್ಲಿರುವಂತೆ ಹಡಗಲಿಯ ಮುಂದೆ ‘ಹೂವಿನ’ ಎಂಬ ಗೌರವವನ್ನು ಸೇರಿಸಿದರಂತೂ ಅದರ 15 ಬೈಟುಗಳು 30 ಆಗಿ, ನಂಬರು 135ಕ್ಕೆ ಸರಿದು, ಅದುವರೆಗೆ ನೆಟ್ಟಗಿದ್ದ ಹಡಗಲಿಯೂ ಕೆಡುತ್ತದೆ. ಇದೇ ಪ್ರೋಗ್ರಾಮನ್ನು ಮೇಜಿನ ಮೇಲಿನ ಇಂಟೆಲ್ ಗಣಕದಲ್ಲಿ ಪರೀಕ್ಷಿಸಿದವನಿಗೆ ಐದು ಊರುಗಳೂ ಸರಿಯಾಗಿಯೇ ಕಾಣುತ್ತವೆ. ತಪ್ಪಿನ ಮೂಲವನ್ನು ಅರಸುವವನು ಕನ್ನಡ ಅಕ್ಷರವಿನ್ಯಾಸವನ್ನೋ, ಕೀಲಿಮಣೆಯನ್ನೋ, ಅಂಕಿಯನ್ನು ಹೊಡೆದ ಗುಮಾಸ್ತನನ್ನೋ ಸಂಶಯಿಸುವನೇ ಹೊರತು, ಪ್ರೊಸೆಸರ್ ಅಂಕೆಯನ್ನು ತಿರುಗಿಸಿ ಕೊಟ್ಟೀತೆಂದು ಕನಸಿನಲ್ಲಿಯೂ ಎಣಿಸನು. ಸಂಕೇತಕ್ಕೆ ಒಂದೇ ಬೈಟಿದ್ದ, 1991ರಲ್ಲಿ ಭಾರತೀಯ ಮಾನಕವಾಗಿ ಸ್ಥಿರಗೊಂಡ ಇಸ್ಕಿ ಬರವಣಿಗೆಯಲ್ಲಿಯೂ ಈ ಅಪಾಯವಿತ್ತು, ಕೆಡುವ ಊರುಗಳೂ ಇವೇ ಎರಡು.

ಪರಿಹಾರಗಳು ಇರಲಿಲ್ಲವೆಂದಲ್ಲ. ಸಿಂಪ್ಯೂಟರಿನಲ್ಲಿ ನಡೆಯುತ್ತಿದ್ದ ಲಿನಕ್ಸ್ ಕರ್ನಲ್ಲಿನ ಆರ್ಮ್ ಶಾಖೆಯಲ್ಲಿ, ಇಂಥ ಓದುಗಳನ್ನು ಹಿಡಿದು ಏನು ಮಾಡಬೇಕೆಂದು ಹೇಳುವ ಒಂದು ಕಡತವನ್ನು ಇರಿಸಿದ್ದರು. ಅದರಲ್ಲಿ ಬರೆಯುವ ಅಂಕಿಯನ್ನು ಅವಲಂಬಿಸಿ ಕರ್ನಲ್ ಸುಮ್ಮನಿರಬಹುದು, ಎಚ್ಚರಿಸಬಹುದು, ತಾನೇ ಎರಡು ಸಲ ಓದಿ ತಿದ್ದಿಕೊಡಬಹುದು, ಅಥವಾ ಪ್ರೋಗ್ರಾಮನ್ನು ಕೊಲ್ಲಬಹುದು. ಹೀಗೆ ತಿದ್ದಿಕೊಡುವುದಕ್ಕೆ ಒಂದೊಂದು ಸಲಕ್ಕೂ ನೂರಾರು ಆಜ್ಞೆಗಳಷ್ಟು ಕಾಲ ವ್ಯಯವಾಗುತ್ತದೆ. ಕರ್ನಲ್ ಬರೆಯುವವರು ತಮಗಾಗಿ ಮಾಡಿಕೊಂಡ ಉಪಾಯವೊಂದು ಬಹು ಸ್ವಾರಸ್ಯವಾದುದು: ಈಥರ್‌ನೆಟ್ ತಂತಿಯಲ್ಲಿ ಬರುವ ಪ್ರತಿಯೊಂದು ಕಟ್ಟಿನ ತಲೆಬರಹ 14 ಬೈಟುಗಳದ್ದಾದುದರಿಂದ ಅದರ ಹಿಂದಿರುವ ಇಂಟರ್‌ನೆಟ್ ವಿಳಾಸಗಳು ನಾಲ್ಕರ ಮೇರೆಯನ್ನು ತಪ್ಪುತ್ತವೆಂದು, ಕಟ್ಟನ್ನು ಇಳಿಸಿಕೊಳ್ಳುವಾಗಲೇ ಮುಂದೆ ಎರಡು ಬೈಟುಗಳ ಬರಿದಾದ ಜಾಗವನ್ನು ಬಿಡುತ್ತಾರೆ. 14 ಎಂಬ ಸಂಖ್ಯೆಯನ್ನು ಆರಿಸಿದವರು ಒಂದು ಕ್ಷಣ ಯೋಚಿಸಿ 16 ಎಂದಿದ್ದರೆ ಲೋಕದಲ್ಲಿ ಎಷ್ಟೊಂದು ಪ್ರೋಗ್ರಾಮರುಗಳ ಶ್ರಮ ಉಳಿಯುತ್ತಿತ್ತು!

ಆರ್ಮ್ ವಿನ್ಯಾಸದ ಆರನೆಯ ಆವೃತ್ತಿಯಿಂದ ಮೊದಲುಗೊಂಡು ಸಾಮಾನ್ಯ ಓದುಗಳಲ್ಲಿ ಆ ಚಕ್ರಭ್ರಮಣವು ಕೊನೆಗೊಂಡಿತು. ಇಂದು ಹಡಗಲಿಯ ಸಂತೆಯಲ್ಲಿ ರೈತನ ಜೇಬಿನಲ್ಲಿರುವ ಫೋನು ಮೇರೆ ತಪ್ಪಿದ ಅಂಕೆಯನ್ನು ಇಂಟೆಲ್ ಗಣಕದಷ್ಟೇ ಸಹಜವಾಗಿ ಓದುತ್ತದೆ. ಹಾಗೆಂದು ಪ್ರಶ್ನೆಯು ತೀರಿತೆನ್ನುವಂತಿಲ್ಲ. ಮದ್ರಾಸಿನ ಐಐಟಿಯಲ್ಲಿ ರೂಪುಗೊಂಡ ಶಕ್ತಿ ಪ್ರೊಸೆಸರುಗಳು ಅನುಸರಿಸುವ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸವು, ಇಂಥ ಓದನ್ನು ಯಂತ್ರವೇ ಪೂರೈಸಲಿ, ಇಲ್ಲವೆ ಯಂತ್ರವು ತಡೆದು, ಪ್ರೋಗ್ರಾಮಿನ ಕೆಳಗಿನ ತಂತ್ರಾಂಶವು ಪೂರೈಸಲಿ ಎಂದು ಎರಡು ದಾರಿಗಳನ್ನೂ ತೆರೆದಿಟ್ಟಿದೆ. ಬರೆದವನಿಗೆ ಉತ್ತರ ಸರಿಯಾಗಿ ದೊರೆತರೂ ಒಂದು ಯಂತ್ರದಲ್ಲಿ ಕ್ಷಣಮಾತ್ರದಲ್ಲಿ ಮುಗಿವ ಕೆಲಸವು ಇನ್ನೊಂದರಲ್ಲಿ ನೂರು ಪಟ್ಟು ನಿಧಾನವಾಗಬಹುದು. 1989ರ ಸಿ ಭಾಷೆಯ ಪ್ರಮಾಣಗ್ರಂಥದಿಂದ ಮೊದಲುಗೊಂಡು ಇಂದಿನವರೆಗೂ ಮೇರೆ ತಪ್ಪಿದ ಪಾಯಿಂಟರಿನ ಮೂಲಕ ಓದುವುದರ ಫಲವು ಅನಿರ್ದಿಷ್ಟವೆಂದೇ ಬರೆದಿದೆ. ಯಂತ್ರವು ಉದಾರವಾಗಿದ್ದರೂ ಕಂಪೈಲರ್ ಉದಾರವಾಗಿರಬೇಕಾಗಿಲ್ಲ.

ಒಪ್ಪಿ ನಿಧಾನವಾಗುವ ಯಂತ್ರ, ನಿರಾಕರಿಸಿ ನಿಲ್ಲುವ ಯಂತ್ರ, ಸುಮ್ಮನೆ ತಪ್ಪು ಕೊಡುವ ಯಂತ್ರ, ಈ ಮೂರರಲ್ಲಿ ನಾನು ನಡುವಣದನ್ನೇ ಮೆಚ್ಚುವೆನು. ಸ್ಪಾರ್ಕ್ ಯಂತ್ರದ ಬಿರುನುಡಿಯನ್ನು ಶಪಿಸಿದವರೆಲ್ಲ ತಪ್ಪನ್ನು ಅಂದೇ ತಿದ್ದಿಕೊಂಡರು. ಈ ಐದು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ಪ್ರೋಗ್ರಾಮುಗಳನ್ನು ಬರೆಯುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಹೆಸರಿನ ಹಿಂದೆ ಬರುವ ಅಂಕೆಯನ್ನು ಪಾಯಿಂಟರಿನ ಬಗೆಯನ್ನು ಬದಲಿಸಿ ಒಮ್ಮೆಗೇ ಕಿತ್ತುಕೊಳ್ಳಬೇಡಿ. ಬೈಟುಬೈಟಾಗಿ ಎತ್ತಿ ಕೂಡಿಸಿಕೊಳ್ಳಿ, ಇಲ್ಲವೆ ಮೆಮ್‌ಕಾಪಿಯಿಂದ ನಕಲು ಮಾಡಿಕೊಳ್ಳಿ. ಯಂತ್ರವು ಒಪ್ಪುವಂಥದಾದರೆ ಇಂದಿನ ಕಂಪೈಲರುಗಳು ಆ ನಕಲನ್ನು ತಾವಾಗಿಯೇ ಒಂದೇ ಆಜ್ಞೆಗೆ ಇಳಿಸುತ್ತವೆ. ಮತ್ತು ಪರೀಕ್ಷೆಗೆಂದು ಊರ ಹೆಸರು ಬೇಕಾದಾಗ ಕೂಡ್ಲಿಗಿಯನ್ನು ಬಿಟ್ಟು ಹಗರಿಬೊಮ್ಮನಹಳ್ಳಿಯನ್ನು ಆರಿಸಿಕೊಳ್ಳಿ.